ಬಿರುಕು ಬಿಡದ ತಂಬಿಟ್ಟು

ಕುಂಬಾರಕೊಪ್ಪಲಿನಲ್ಲಿ ಪುಟ್ಟತಾಯಮ್ಮನ ತಂಬಿಟ್ಟಿನ ಆರತಿ ಬಿರುಕು ಬಿಟ್ಟಿದ್ದನ್ನು ಕಂಡವರಿರಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಸೊಸೆಯಾಗಿ ಬಂದವಳು. ತವರಿಂದ ಒಂದು ಹಿತ್ತಾಳೆ ಸೇರನ್ನೂ ಅವ್ವ ಹೇಳಿಕೊಟ್ಟ ಅಳತೆಯನ್ನೂ ತಂದಿದ್ದಳು: ಎರಡು ಸೇರು ಹಿಟ್ಟಿಗೆ ಒಂದು ಸೇರು ಕುಟ್ಟಿದ ಬೆಲ್ಲ. ಹುರಿದ ಅಕ್ಕಿಯ ಹಿಟ್ಟನ್ನು ಪಾಕದಲ್ಲಿ ಕಲಸಿ, ಬಿಸಿ ಆರುವ ಮೊದಲೇ ಗೋಪುರದಂತೆ ತಟ್ಟಿ, ನೆತ್ತಿಯ ಗುಳಿಯಲ್ಲಿ ತುಪ್ಪದ ಬತ್ತಿ ಇಟ್ಟಳೆಂದರೆ ಮಾರಮ್ಮನ ಗುಡಿ ಮುಟ್ಟುವವರೆಗೂ ಅದು ಅಲುಗುತ್ತಿರಲಿಲ್ಲ.

ಅವಳು ಬಂದ ಹದಿನೈದನೇ ವರ್ಷ, ಮಾರಮ್ಮನ ಹಬ್ಬಕ್ಕೆ ಇಡೀ ಬೀದಿಯ ಆರತಿ ಅವಳ ಕೈಯಲ್ಲೇ ಆಗಲಿ ಎಂದರು ಹಿರಿಯರು. ಅವಳಿಗೆ ಹಿಗ್ಗೋ ಹಿಗ್ಗು. ಹಿಟ್ಟು, ಬೆಲ್ಲ ಎರಡನ್ನೂ ವೃಷಭೇಂದ್ರಪ್ಪನ ಅಂಗಡಿಯಿಂದ ತರಬೇಕಿತ್ತು. ಅಂಗಡಿಗಳಿಗೆ ಕಿಲೋ ಬಂದ ಹೊಸತು; ಸೇರಿನಲ್ಲಿ ಮಾರುವಂತಿರಲಿಲ್ಲ.

"ಸೇರು ಅಂದ್ರೆ ಎಷ್ಟು ಕಿಲೋ ಆಯ್ತದೆ?"

"ಅಕ್ಕಿ ಒಂದು ಸೇರು ಹೆಚ್ಚುಕಮ್ಮಿ ಒಂದು ಕಿಲೋ ಕಣ್ರಮ್ಮಾ."

ಅಕ್ಕಿಗೆ ಹೇಳಿದ್ದನ್ನು ಅವಳು ಎಲ್ಲಕ್ಕೂ ಹಿಡಿದುಕೊಂಡಳು. ಹಬ್ಬದ ಹಿಂದಿನ ದಿನ, ಪೊಟ್ಟಣಗಳನ್ನು ಮತ್ತೆ ಸೇರಿನಲ್ಲಿ ಅಳೆಯದೆ, ಎರಡು ಕಿಲೋ ಹಿಟ್ಟಿಗೆ ಒಂದು ಕಿಲೋ ಬೆಲ್ಲದಂತೆ ಮೊದಲ ಪಾಕ ಕಲಸಿದಳು. ತಟ್ಟಿಟ್ಟ ಆರತಿ ಆರುತ್ತಿದ್ದಂತೆ ಬುಡದಿಂದ ನೆತ್ತಿಯವರೆಗೆ ಸೀಳಿತು. ಒಡೆದ ಆರತಿಯನ್ನು ಮಾರಮ್ಮನ ಮುಂದೆ ಹಿಡಿಯುವಂತಿಲ್ಲ.

ಪಕ್ಕದ ಮನೆಯ ಚಾಮುಂಡಮ್ಮ ಬಾಗಿಲಲ್ಲೇ ನಿಂತು ನೋಡಿದಳು. "ಏನವ್ವಾ, ಕೈ ಸೋತ್ಬುಡ್ತಾ? ಬೀದಿಯೋರ್ಗೆಲ್ಲ ಏನಂತ ಹೇಳಾದು?"

ಪುಟ್ಟತಾಯಮ್ಮ ಒಡೆದ ತಂಬಿಟ್ಟನ್ನು ಮಕ್ಕಳ ಕೈಗಿತ್ತು, ಒಂದು ಕಿಲೋ ಹಿಟ್ಟಿನ ಪೊಟ್ಟಣ ಬಿಚ್ಚಿ ಹಿತ್ತಾಳೆ ಸೇರಿಗೆ ಸುರಿದಳು. ಸೇರು ತುಂಬಿತು, ಚೆಲ್ಲಿತು. ಪೊಟ್ಟಣದಲ್ಲಿ ಇನ್ನೂ ಹಿಟ್ಟಿತ್ತು.

"ನೋಡಕ್ಕಾ, ಹಿಟ್ಟು ಅಕ್ಕಿಗಿಂತ ಹಗುರ," ಎಂದಳು ಓರಗಿತ್ತಿ ಮಂಗಳಮ್ಮ, ಕಂಕುಳಿನ ಕೂಸನ್ನು ತಟ್ಟುತ್ತ.

"ಬೆಲ್ಲ ಎಂಗೋ ಏನೋ. ಬಾ, ತೂಗ್ಸಿಯೇ ಬುಡಾಣ," ಎಂದಳು ಪುಟ್ಟತಾಯಮ್ಮ.

ಬುಟ್ಟಿಯಲ್ಲಿ ಹಿಟ್ಟು, ಕುಟ್ಟಿದ ಬೆಲ್ಲ, ಮೇಲೆ ಸೇರು. ವೃಷಭೇಂದ್ರಪ್ಪ ಸೇರನ್ನು ಕಂಡು ಗಲ್ಲಾದಿಂದ ಎದ್ದೇ ನಿಂತ.

"ಇದನ್ನ್ಯಾಕೆ ತಂದ್ರಿ ತಾಯಿ? ಇನ್ಸ್‌ಪೆಕ್ಟರ್ ಕಂಡ್ರೆ ಅಂಗಡಿಗೆ ಬೀಗ ಹಾಕಿಸ್ತಾನೆ."

"ನೀವು ಇದ್ರಲ್ಲಿ ಮಾರ್ಬ್ಯಾಡಿ. ತೂಗಿ, ಸಾಕು."

ಮೊದಲು ಖಾಲಿ ಸೇರನ್ನು ತಕ್ಕಡಿಗಿಟ್ಟು, ಎದುರು ತಟ್ಟೆಯಲ್ಲಿ ಅದರ ತೂಕ ಸರಿದೂಗಿಸಿದರು. ಆಮೇಲೆ ಸೇರಿನಲ್ಲಿ ಹಿಟ್ಟು. ಮನೆಯಲ್ಲಿ ಅಳೆಯುವ ಹಾಗೆಯೇ ಒತ್ತದೆ, ಕುಲುಕದೆ, ಅಂಗೈಯಿಂದ ಮೇಲೆ ಸವರಿ. ಆಮೇಲೆ ಬೆಲ್ಲ. ಬೆಲ್ಲವೂ ಕಿಲೋ ತೂಗಲಿಲ್ಲ, ಆದರೆ ಹಿಟ್ಟಿಗಿಂತ ಭಾರ. ವೃಷಭೇಂದ್ರಪ್ಪ ಬೆರಳು ಮಡಿಸುತ್ತಿರುವಾಗಲೇ ಅವಳು ಹೇಳಿದಳು: "ಮೂರು ಕಿಲೋ ಹಿಟ್ಟಿಗೆ ಎರಡು ಕಿಲೋ ಬೆಲ್ಲ ಬೀಳಬೇಕು. ನಾನು ಮೂರಕ್ಕೆ ಒಂದೂವರೆಯಂತೆ ಹಾಕಿದ್ದೆ. ಒಡೀದೆ ಇನ್ನೇನು?"

"ಇನ್ನು ಬೆಲ್ಲ ಬೇಕಾ ಹಾಗಾದ್ರೆ?"

"ಬೇಕೇ ಬೇಕು. ಗಟ್ಟಿ ಅಚ್ಚು ನೋಡಿ ಕೊಡಿ."

ಮರುದಿನ ಸಂಜೆ ತಮಟೆಯ ಹಿಂದೆ ಬೀದಿಯ ಹೆಂಗಸರೆಲ್ಲ ತಲೆಯ ಮೇಲೆ ಆರತಿ ಹೊತ್ತು ಹೊರಟರು. ಪುಟ್ಟತಾಯಮ್ಮ ತನ್ನ ದೀಪವನ್ನು ನೋಡಲೇ ಇಲ್ಲ; ಮುಂದಿನವರ ತಟ್ಟೆಗಳ ಮೇಲೇ ಕಣ್ಣು. ಗುಡಿಯ ಮುಂದೆ ಒಂದೊಂದಾಗಿ ಇಳಿಸಿದರು. ಒಂದರಲ್ಲೂ ಗೆರೆಯಿಲ್ಲ.

ಚಾಮುಂಡಮ್ಮ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ಸೇರಿಗೆಷ್ಟು ಬೆಲ್ಲ ಹಾಕ್ದೆ, ಹೇಳೇ."

"ಸೇರಲ್ಲಾದ್ರೂ ಕೇಳು, ಕಿಲೋದಲ್ಲಾದ್ರೂ ಕೇಳು. ಎರಡೂ ಹೇಳ್ತೀನಿ ಕಣಕ್ಕಾ," ಎಂದು ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡಳು.