ನೂಲಿನ ಗಿರಣಿಯ ಕೊನೆಯ ಫೋಟೊ

ಸ್ಟುಡಿಯೊದವನಿಗೆ ಊರು ಇಟ್ಟಿದ್ದ ಅಡ್ಡಹೆಸರು ಹಾಳೂರಿನ ಗೌಡ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ಮೊದಲು ಅವನ ಹೆಗಲಿಗೇರಿಸಿದವಳು ಸ್ವಂತ ಅಕ್ಕನೇ. ವಾರದಲ್ಲಿ ಆರು ದಿನ ಅರ್ಜಿಗೆ ಅಂಟಿಸುವ ಮುಖಗಳನ್ನು ತೆಗೆಯುತ್ತಿದ್ದ; ಏಳನೆಯ ದಿನ ಪಾಳುಬಿದ್ದ ಕಟ್ಟಡಗಳನ್ನು ಹುಡುಕಿಕೊಂಡು ಹೊರಡುತ್ತಿದ್ದ. ಮುಚ್ಚಿದ ಚಿತ್ರಮಂದಿರ, ನೀರು ಕಾಣದ ಈಜುಕೊಳ, ರೈಲು ನಿಲ್ಲದ ನಿಲ್ದಾಣ. ಅಲ್ಲಿ ಅವನದೊಂದು ಕಟ್ಟುನಿಟ್ಟು: ಏನನ್ನೂ ಮುಟ್ಟಬಾರದು. ಉರುಳಿದ ಕುರ್ಚಿ ಉರುಳಿದಂತೆಯೇ ಇರಬೇಕು. "ಮುಖ ನೋಡೋಕೆ ಹೋದವನು ಮೂಗು ತಿದ್ದಬಾರದು" ಅನ್ನುತ್ತಿದ್ದ.

ನೂಲಿನ ಗಿರಣಿಗೆ ಹನ್ನೊಂದು ಸಲ ಹೋಗಿದ್ದರೂ ಬೇಕಾದ ಚಿತ್ರ ದಕ್ಕಿರಲಿಲ್ಲ. ಯಂತ್ರಗಳು ಎಂದೋ ಗುಜರಿಗೆ ಹೋಗಿದ್ದವು. ಬರಿದಾದ ನೆಲದ ಮೇಲೆ ಬೆರಳು ಹೂತುಹೋಗುವಷ್ಟು ಧೂಳು, ಧೂಳಿನ ತುಂಬ ಪಾರಿವಾಳಗಳ ಹೆಜ್ಜೆ. ಮುಂಜಾನೆಯ ಓರೆ ಬಿಸಿಲು ಒಡೆದ ಕಿಟಕಿಯಿಂದ ಬಂದು ಕಾಲು ಗಂಟೆ ಆ ಹೆಜ್ಜೆಗಳನ್ನೆಲ್ಲ ಎತ್ತಿ ತೋರಿಸುತ್ತಿತ್ತು. ಹೋದಾಗಲೆಲ್ಲ ಮೋಡ ಅಡ್ಡ ಬರುತ್ತಿತ್ತು, ಇಲ್ಲವೇ ಕಾವಲುಗಾರ. ನಾಳೆ ಗಿರಣಿ ಕೆಡವುತ್ತಾರೆ ಎಂಬ ಸುದ್ದಿ ಬಂದಾಗ, ಇನ್ನುಳಿದಿದ್ದು ಒಂದೇ ಬೆಳಗು.

ಅಕ್ಕ ತಾನೂ ಬರುತ್ತೇನೆಂದಳು. ಇಪ್ಪತ್ತಾರು ವರ್ಷ ಅಲ್ಲಿ ಹರಿದ ಎಳೆ ಕೂಡಿಸಿದವಳು. ಕರೆದುಕೊಂಡೇ ಹೊರಟ. ಅವನು ಗೇಟಿನಲ್ಲಿ ಕಾವಲುಗಾರನನ್ನು ಪುಸಲಾಯಿಸಿ ಒಳಗೆ ಬರುವಷ್ಟರಲ್ಲಿ ಅಕ್ಕ ಎಲ್ಲಿಂದಲೋ ಮೋಟು ಪೊರಕೆ ಹುಡುಕಿ ಗುಡಿಸತೊಡಗಿದ್ದಳು. ಗಿರಣಿಯ ತುಂಬ ಧೂಳೋ ಧೂಳು.

"ಅಕ್ಕಾ! ಏನು ಮಾಡ್ತಿದ್ದೀಯಾ?"

"ಕಣ್ಣಿಲ್ವೇನೋ? ಕಸ ಹೊಡೀತಿದ್ದೀನಿ."

"ಆ ಧೂಳೇ ಬೇಕಿತ್ತು ನನಗೆ!"

"ಧೂಳು ಬೇಕಿದ್ರೆ ನಿನ್ನ ಅಂಗಡೀಲೇ ಸಿಗ್ತಿತ್ತಲ್ಲೋ. ನಾನು ದುಡಿದ ಜಾಗ ಇದು. ಕೊನೇ ಫೋಟೊಗೆ ಮುಖ ತೊಳೀದೆ ಕೂರಿಸ್ತೀಯಾ? ಗಿರಾಕಿಗಳ ಕೈಗೆ ಬಾಚಣಿಗೆ ಕೊಡೋನು ನೀನೇ ತಾನೆ?"

ಕೋಪ ನೆತ್ತಿಗೇರಿತು. ಹೋಗಿ ಕಿಟಕಿಯ ಕಟ್ಟೆಯ ಮೇಲೆ ಕುಕ್ಕರಿಸಿದ. ಧೂಳು ಇಳಿಯುವಷ್ಟರಲ್ಲಿ ಓರೆ ಬಿಸಿಲು ಜಾರಿ ಹೋಗಿತ್ತು. ಹನ್ನೆರಡನೆಯ ಸಲವೂ ನೀರಲ್ಲಿ ಹೋಮ.

ಆಗ ಅಕ್ಕ ಗುಡಿಸಿದ ಜಾಗದತ್ತ ಕಣ್ಣು ಹಾಯಿತು. ಒರಟು ನೆಲದ ನಡುವೆ ಒಂದು ಗೇಣಗಲದ ದಾರಿ ಈ ಗೋಡೆಯಿಂದ ಆ ಗೋಡೆಯ ಕಡೆಗೆ ಹರಿದಿತ್ತು. ಸವೆದು, ತುಸು ತಗ್ಗಾಗಿ, ಒರಳುಕಲ್ಲಿನಂತೆ ನುಣುಪಾಗಿ.

"ಇದೇನಕ್ಕಾ? ಯಾರ ಕಾಲಿನ ಗುರುತು?"

"ಮತ್ತಿನ್ಯಾರದು, ಪಾರಿವಾಳದ್ದಾ? ಯಂತ್ರದ ಉದ್ದಕ್ಕೂ ಹೋಗೋದು, ಬರೋದು. ಎಳೆ ಹರಿದ ಕಡೆ ನಿಲ್ಲೋದು, ಗಂಟು ಹಾಕೋದು. ಪಾಳಿ ಮುಗಿಯೋವರೆಗೂ ಅದೇ."

"ಆ ಕಡೆ?"

"ಅಲ್ಲೂ ಇರುತ್ತೆ. ಹದಿನಾಲ್ಕು ಜನ ಇದ್ವಿ, ಒಬ್ಬೊಬ್ಬರಿಗೆ ಒಂದೊಂದು ದಾರಿ."

ಅವನು ಎದ್ದು ಬಂದು ಕ್ಯಾಮೆರಾವನ್ನು ಅಕ್ಕನ ಕೊರಳಿಗೆ ಹಾಕಿ, ಅವಳ ಕೈಯಿಂದ ಪೊರಕೆ ಕಿತ್ತುಕೊಂಡ.

"ಗಾಳಿಗೆ ಎದುರಾಗಿ ಗುಡಿಸಬೇಡ್ವೋ, ದಡ್ಡ!"

ಒಂಬತ್ತು ದಾರಿ ಬಯಲಾಗುವಷ್ಟರಲ್ಲಿ ಕಾವಲುಗಾರ ಬಂದು ರೇಗಿದ. ಇಬ್ಬರನ್ನೂ ಹೊರಗಟ್ಟುವ ಮುನ್ನ ಒಂದೇ ಒಂದು ಚಿತ್ರಕ್ಕೆ ಅವಕಾಶ ಕೊಟ್ಟ. ಅದರಲ್ಲಿ ಬೆಳಕು ಸಪ್ಪೆ, ನೆಲದಲ್ಲಿ ಒಂಬತ್ತು ಗೆರೆಗಳಷ್ಟೇ ಕಾಣುತ್ತವೆ. ಉಳಿದ ಐದು ಯಾರ ಯಾರವೆಂದು ಅಕ್ಕ ಮನೆಯವರೆಗೂ ಹೇಳುತ್ತಲೇ ಬಂದಳು.