ಪರಿಮಳಾ ಕೇಳಿದ ಕೆಲಸ

"ತಿಮ್ಮಣ್ಣನ ಮಗಳ ತಲಿಯೊಳಗ ಗಿರಣಿ ಓಡತೈತಿ ನೋಡವ್ವ," ಅನ್ನುತ್ತಿದ್ದರು ಸುರಪುರದ ಆ ಓಣಿಯವರು. ಪಕ್ಕದ ಮನೆಯ ಮರಿಲಿಂಗಮ್ಮ ಮಾತ್ರ, "ಓಡಲಿ ಬಿಡ್ರಿ, ಹಿಟ್ಟು ಬಿದ್ದ ದಿನ ನನ್ನೂ ಕರೀರಿ," ಎನ್ನುತ್ತಿದ್ದಳು.

ಪರಿಮಳಾ ಓದುತ್ತಿದ್ದದ್ದು ಬಿ.ಎಸ್ಸಿ. ಗಣಿತ, ಕೊನೆಯ ವರ್ಷ. ಒಂದು ತಿಂಗಳು ಎಲ್ಲಾದರೂ ಇಂಟರ್ನ್‌ಶಿಪ್ ಮಾಡಲೇಬೇಕು. ಶನಿವಾರದೊಳಗೆ ಒಪ್ಪಿಗೆ ಪತ್ರ ತರದಿದ್ದರೆ ಈ ವರ್ಷ ಪದವಿ ಇಲ್ಲ. ಆದರೆ ಗಣಿತ ಓದಿದವರು ಎಲ್ಲಿ ಹೋಗಬೇಕು, ಏನಂತ ಕೇಳಬೇಕು?

ಅಪ್ಪ ತಿಮ್ಮಣ್ಣ ಕೂಲಿ ಕೇಳಿ ಬದುಕಿದವನು. "ಯಾವ ಕೆಲಸ ಇದ್ರೂ ಮಾಡ್ತೀನ್ರಿ ಅನ್ನು. ಆರಿಸಬ್ಯಾಡ. ಆರಿಸೋರನ್ನ ಯಾರೂ ಕರಿಯೂದಿಲ್ಲ," ಎಂದ. ಪರಿಮಳಾ ಅರ್ಜಿಯಲ್ಲಿ ಹಾಗೇ ಬರೆದಳು.

ಯಾದಗಿರಿಯ ಒಂದು ಕಚೇರಿಯವರು ಒಪ್ಪಿದರು, ಝೆರಾಕ್ಸ್ ಮಾಡಲು. ಕೆಂಭಾವಿಯ ಒಂದು ಅಂಗಡಿಯವರೂ ಒಪ್ಪಿದರು, ಫೋನ್ ಎತ್ತಲು. ಎರಡೂ ಪತ್ರ ನೋಡಿ ಕಾಲೇಜಿನ ಯಶೋಧರಾ ಮೇಡಂ ಕನ್ನಡಕ ತೆಗೆದರು.

"ಇವು ನಡಿಯೂದಿಲ್ಲ. ಇದರಾಗ ಗಣಿತ ಎಲ್ಲೈತವ್ವಾ?"

"ಅವರು ಕೊಟ್ಟಿದ್ದು ಇದೇ ರೀ, ಮೇಡಂ."

"ನೀ ಏನು ಕೇಳಿದಿ?"

ಪರಿಮಳಾ ತನ್ನ ಅರ್ಜಿಯ ಪ್ರತಿ ತೆಗೆದು ನೋಡಿದಳು. ಅದರಲ್ಲಿ ಕೇಳಿದ್ದು ಏನೂ ಇರಲಿಲ್ಲ.

ಶುಕ್ರವಾರ ಅದೇ ಅರ್ಜಿ ಹಿಡಿದು ಶಹಾಪುರದ ಒಂದು ಹತ್ತಿ ಮಿಲ್ಲಿಗೆ ಹೋದಳು. ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು. ಹತ್ತಿ ತಂದಿದ್ದ ರೈತನೊಬ್ಬ ಟ್ರಾಲಿಯ ನೆರಳಲ್ಲಿ ಮಲಗಿದ್ದ.

"ಎಷ್ಟೊತ್ತಿಗೊಂದು ಒಳಗ ಬಿಡ್ತಾರಣ್ಣಾ?"

"ಅದು ಗೊತ್ತಿದ್ರ ಮನಿಗಿ ಹೋಗಿ ಉಂಡು ಬರ್ತಿದ್ನಲ್ಲವ್ವಾ!"

ಅವಳು ಗಡಿಯಾರ ನೋಡುತ್ತಾ ನಿಂತಳು. ಒಂದು ಒಳಗೆ ಹೋಗುವಷ್ಟರಲ್ಲಿ ಮೂರು ಬಂದವು. ಆಮೇಲೆ ಅರ್ಧ ತಾಸು ಒಂದೂ ಬರಲಿಲ್ಲ. ಹೀಗೆ ಕಾಯುವ ಸಾಲುಗಳ ಲೆಕ್ಕದ ಪಾಠ ಅವಳ ಗಣಿತದ ಪುಸ್ತಕದಲ್ಲಿತ್ತು. ಆದರೆ ಆ ಸಾಲೂ ಈ ಸಾಲೂ ಒಂದೇ ಏನು? ತಿಳಿಯಲಿಲ್ಲ. ಅರ್ಜಿ ಕೊಡದೇ ತಿರುಗಿ ಬಂದಳು.

ಮನೆಯಲ್ಲಿ ಅದನ್ನು ಹರಿದು ಹೊಸದು ಬರೆದಳು: 'ನಿಮ್ಮ ಗೇಟಿನ ಮುಂದೆ ಸಾಲು ಯಾಕೆ ಬೆಳೆಯುತ್ತದೆ, ಯಾವ ಹೊತ್ತಿಗೆ ಬಂದರೆ ಕಾಯುವುದು ಕಡಿಮೆ ಎಂದು ಒಂದು ತಿಂಗಳು ನೋಡಿ ಹೇಳುತ್ತೇನೆ. ಇದೊಂದೇ ಕೆಲಸ ಬೇಕು.'

ಓದಿಸಿ ಕೇಳಿದ ತಿಮ್ಮಣ್ಣ ಗಾಬರಿಯಾದ. "ಇದೊಂದೇ ಅಂದ್ರ ಸಿಟ್ಟಿಗೇಳ್ತಾರವ್ವಾ. ಅವರ ಗೇಟು, ಅವರ ಸಾಲು. ಕೇಳಾಕ ನೀ ಯಾರು?"

"ಗೊತ್ತಿಲ್ಲಪ್ಪಾ. ಹಿಂಗ ಕೇಳಬಹುದೋ ಇಲ್ಲೋ, ಅದೂ ಗೊತ್ತಿಲ್ಲ."

ಶನಿವಾರ ಬೆಳಗಾಯಿತು. ಪತ್ರ ಕೇಳಲು ಹೊರಡುವುದು ಇದೇ ಕಡೆಯ ಸಲ. ಚಪ್ಪಲಿ ಮೆಟ್ಟುವಾಗ ತಿಮ್ಮಣ್ಣ ಬಾಗಿಲಿಗೆ ಬಂದ. "ಒಲ್ಲೆ ಅಂದ್ರ?" ಎಂದು ಕೇಳಿದ. ಪರಿಮಳಾ ಹೊಸ ಅರ್ಜಿಯನ್ನು ಬರೆದ ಹಾಗೇ ಮಡಚಿ ಚೀಲಕ್ಕೆ ಹಾಕಿಕೊಂಡಳು. ಶಹಾಪುರದ ಬಸ್ಸಿಗೆ ಹೊತ್ತಾಗಿತ್ತು, ನಡೆದುಬಿಟ್ಟಳು.