ಸ್ಕೀ ಪಟ್ಟಿಯಲ್ಲಿ ಬಾಳೆಕಂಬ

ಮಹಾಶಯರೇ, ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಸ್ಕೀಗಳನ್ನು ಕಾರಿನಿಂದ ಹಿಮದ ಇಳಿಜಾರಿನವರೆಗೆ ಹೆಗಲಿಗೆ ಹಾಕಿಕೊಂಡು ಹೋಗುವ ಪಟ್ಟಿಯೊಂದನ್ನು ಸೇಲ್‌ನಲ್ಲಿ ತಂದಿದ್ದೆ. "ಮಲೇಷ್ಯಾದಲ್ಲಿ ಹಿಮ ಇರೋದು ನಮ್ಮ ಫ್ರೀಜರ್‌ನಲ್ಲಿ ಮಾತ್ರ ಕಣ್ರೀ" ಎಂದು ಹೆಂಡತಿ ವಾರವಿಡೀ ಹಂಗಿಸಿದಳು.

ಇವತ್ತು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮನೆ ಎಂಟನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿದೆ, ಕಾರಿನಲ್ಲಿ ಎರಡು ಬಾಳೆಕಂಬ. ಅವನ್ನು ಅದೇ ಪಟ್ಟಿಯಲ್ಲಿ ಬಿಗಿದು, ಹೆಗಲಿಗೇರಿಸಿ, ಕೈಬೀಸಿಕೊಂಡು ಮೆಟ್ಟಿಲು ಹತ್ತಿದೆ. ಹಿಂದೆಯೇ ಏದುಸಿರು ಬಿಡುತ್ತ ಬಂದ ಉಡುಪಿಯ ಭಟ್ಟರು ಎಲ್ಲವನ್ನೂ ನೋಡಿದ್ದರು.

ಪೂಜೆ ಮುಗಿಯಿತು. "ದಕ್ಷಿಣೆ ಇರಲಿ ಮಾರಾಯ್ರೇ, ಆ ಪಟ್ಟಿ ಕೊಡಿ" ಎಂದರು ಭಟ್ಟರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಅಯ್ಯೋ, ಅದೊಂದು ಕೇಳ್ಬೇಡಿ ಭಟ್ರೇ! ಚಳಿಗಾಲ ಬಂದ್ರೆ ನಮಗೆ ಸ್ಕೀಗೆ ಬೇಕು" ಎಂದಳು.

ಮಲೇಷ್ಯಾದ ನಮ್ಮೂರು ಪೆಟಾಲಿಂಗ್ ಜಯಾದಲ್ಲಿ ಚಳಿಗಾಲ ಯಾವಾಗ ಎಂದು ಬಲ್ಲವರು ದಯವಿಟ್ಟು ಈಮೇಲ್ ಮಾಡಿ.